ಸಂದೇಹದ ಲಾಭ ಯಾರಿಗೆ?

ರಣರಂಗದಲ್ಲಿ ಮಡಿದ ಯೋಧನ ಪಾರ್ಥಿವ ಶರೀರವು ತ್ರಿವರ್ಣಧ್ವಜದ ಹೊದಿಕೆಯಲ್ಲಿ ಸ್ವಗ್ರಾಮಕ್ಕೆ ಬಂದಾಗ ಮಂತ್ರಿಗಳೂ ಜಿಲ್ಲಾಧಿಕಾರಿಗಳೂ ಊರ ಮುಂದೆ ಬಂದು ತಲೆಬಾಗಿ ನಿಲ್ಲುತ್ತಾರೆ. ಶಾಲೆಯ ಮಕ್ಕಳು ರಸ್ತೆಯ ಎರಡು ಬದಿಗಳಲ್ಲಿಯೂ ಸಾಲುಗಟ್ಟುತ್ತಾರೆ. ಅಂಥವನ ಪತ್ನಿಗೆ ಸಲ್ಲತಕ್ಕ ಪಿಂಚಣಿಯ ವಿಷಯದಲ್ಲಿ ಸರ್ಕಾರದವರಿಗೆ ಸಾಮಾನ್ಯವಾಗಿ ಸಂಶಯ ಹುಟ್ಟುವುದಿಲ್ಲ. ನಾವು ಈ ದಿನ ಪ್ರಸ್ತಾಪಿಸಬೇಕೆಂದಿರುವುದು ಇನ್ನೊಂದು ಬಗೆಯ ಮರಣವನ್ನು. ಹದಿನೇಳು ಇಪ್ಪತ್ತು ವರ್ಷ ಹಿಮದಲ್ಲಿಯೂ ಮರಳಿನಲ್ಲಿಯೂ ಸೇವೆ ಸಲ್ಲಿಸಿ, ನಿವೃತ್ತನಾಗಿ ಹೊಸದುರ್ಗದ ಕಡೆಯ ತನ್ನ ಹಳ್ಳಿಗೆ ಮರಳಿ, ಕೆಲವು ವರ್ಷ ತೆಂಗಿನ ತೋಟವನ್ನು ನೋಡಿಕೊಂಡಿದ್ದು, ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಕುಳಿತಲ್ಲಿಯೇ ಪ್ರಾಣಬಿಡುವ ಸಿಪಾಯಿಯ ಮರಣವದು. ಅಲ್ಲಿಗೆ ಮಂತ್ರಿಗಳು ಬರುವುದಿಲ್ಲ. ಕೆಲವು ತಿಂಗಳುಗಳಾದ ಮೇಲೆ ಆತನ ಪತ್ನಿಗೆ ಒಂದು ಲಕೋಟೆ ಬರುತ್ತದೆ. ನಿಮ್ಮ ಯಜಮಾನರ ಮರಣಕ್ಕೂ ಅವರ ಸೈನ್ಯಸೇವೆಗೂ ಸಂಬಂಧವಿಲ್ಲವೆಂದು ವೈದ್ಯಾಧಿಕಾರಿಗಳು ಅಭಿಪ್ರಾಯಪಟ್ಟಿರುವುದರಿಂದ ವಿಶೇಷ ಪಿಂಚಣಿಯನ್ನು ಕೊಡಲು ಅವಕಾಶವಿಲ್ಲ ಎಂಬುದು ಅದರ ತಾತ್ಪರ್ಯ.

ಸಂಬಂಧವಿತ್ತೆ ಇಲ್ಲವೆ ಎಂಬ ಈ ಪ್ರಶ್ನೆಯು ಕೇವಲ ವೈದ್ಯಶಾಸ್ತ್ರದ ಚರ್ಚೆಯಲ್ಲ; ಮನೆಯ ಒಲೆಗೆ ಸೇರಿದ್ದು. ಸೈನಿಕರ ಕುಟುಂಬಗಳಿಗೆ ಮೂರು ತರದ ಪಿಂಚಣಿಗಳುಂಟು. ಮರಣಕ್ಕೂ ಸೇವೆಗೂ ಸಂಬಂಧವಿಲ್ಲವೆಂದಾದರೆ ಸಾಧಾರಣ ಕುಟುಂಬ ಪಿಂಚಣಿ. ಮೊದಲ ಕೆಲವು ವರ್ಷಗಳ ಹೆಚ್ಚಿನ ದರವನ್ನು ಬಿಟ್ಟರೆ ಅದು ಕಡೆಯ ವೇತನದಲ್ಲಿ ಶೇಕಡಾ ೩೦. ಸೇವೆಯಿಂದ ಉಂಟಾದ, ಅಥವಾ ಸೇವೆಯಿಂದ ಉಲ್ಬಣಿಸಿದ ಗಾಯದಿಂದಲೋ ರೋಗದಿಂದಲೋ ಮರಣವಾಯಿತೆಂದಾದರೆ ವಿಶೇಷ ಕುಟುಂಬ ಪಿಂಚಣಿ, ಶೇಕಡಾ ೬೦. ಶತ್ರುವಿನ ಕೈಯಿಂದ, ಅಥವಾ ಸರ್ಕಾರವು ಗೊತ್ತುಮಾಡಿದ ಕಾರ್ಯಾಚರಣೆಗಳಲ್ಲಿ ಮಡಿದವನ ಕುಟುಂಬಕ್ಕೆ ಉದಾರ ಕುಟುಂಬ ಪಿಂಚಣಿ, ಎಂದರೆ ಕಡೆಯ ವೇತನವಷ್ಟೂ. ಕಡೆಯ ವೇತನವು ತಿಂಗಳಿಗೆ ೪೦,೦೦೦ ರೂಪಾಯಿ ಎಂದಿಟ್ಟುಕೊಂಡರೆ, ತುಟ್ಟಿಭತ್ಯವನ್ನು ಬಿಟ್ಟು, ಒಬ್ಬಳಿಗೆ ೧೨,೦೦೦, ಇನ್ನೊಬ್ಬಳಿಗೆ ೨೪,೦೦೦, ಮತ್ತೊಬ್ಬಳಿಗೆ ೪೦,೦೦೦. ವೈದ್ಯಮಂಡಲಿಯ ಒಂದು ವಾಕ್ಯದಿಂದ ಇಷ್ಟು ವ್ಯತ್ಯಾಸವಾಗುತ್ತದೆ.

ಸತ್ತ ಯೋಧನ ಮನೆಯನ್ನು ರಾಜ್ಯವು ಸಾಕಬೇಕೆಂಬ ವಿಚಾರವನ್ನು ನಮ್ಮ ನಾಡು ಪರರಿಂದ ಕಲಿಯಬೇಕಾಗಿರಲಿಲ್ಲ. ಸುಮಾರು ಕ್ರಿ. ಶ. ೯೦೦ರ ಹೊತ್ತಿನಲ್ಲಿ ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನು ಮಡಿದಾಗ ಗಂಗರ ಎರೆಯಪ್ಪನು ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೇಗೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನೆಂದು ಬೇಗೂರಿನ ವೀರಗಲ್ಲು ಹೇಳುತ್ತದೆ. ನೆತ್ತರುಗೊಡಗೆ ಎಂಬ ಹೆಸರಿನಿಂದ ಭೂಮಿಯನ್ನು ಬಿಟ್ಟುಕೊಟ್ಟ ಶಾಸನಗಳು ಹಳೆಯ ಮೈಸೂರು ಸೀಮೆಯಲ್ಲಿ ಹಲವು. ಆದರೆ ಆ ಕಲ್ಲುಗಳಿಗೆ ತಿಳಿದಿದ್ದುದು ನೆತ್ತರೊಂದೇ. ಕತ್ತಿಯ ಗಾಯಕ್ಕೆ ಸಾಕ್ಷಿ ಬೇಕಿರಲಿಲ್ಲ. ದಂಡಿನ ಬೀಡಿನಲ್ಲಿ ಜ್ವರ ಬಂದು ಸತ್ತವನಿಗೆ ಯಾರೂ ಕಲ್ಲು ನೆಡಿಸಿದಂತೆ ಕಾಣುವುದಿಲ್ಲ. ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ದಳದವರೂ ಇದ್ದರೆಂಬ ಹೆಮ್ಮೆ ಎಲ್ಲರಿಗೂ ಉಂಟು. ಆ ಶರತ್ಕಾಲದ ಪ್ಯಾಲೆಸ್ಟೈನ್ ದಂಡಯಾತ್ರೆಯಲ್ಲಿ ಮಲೇರಿಯವೂ ಇನ್‌ಫ್ಲುಯೆಂಜವೂ ಶತ್ರುವಿನ ಗುಂಡಿಗಿಂತ ಹೆಚ್ಚು ಮಂದಿಯನ್ನು ಆಸ್ಪತ್ರೆಗೆ ಸೇರಿಸಿದುವೆಂಬುದನ್ನು ನೆನೆಯುವವರು ಕಡಮೆ. ಸೈನ್ಯಸೇವೆಯು ಮನುಷ್ಯನನ್ನು ಕೊಲ್ಲುವ ಕ್ರಮವೇ ಬೇರೆಯಾಗುತ್ತ ಬಂದಿದೆ. ಅದು ಬಹಳ ಸಲ ನಿಧಾನವಾಗಿ ಕೊಲ್ಲುತ್ತದೆ, ಮನೆಗೆ ಕಳುಹಿಸಿದ ಮೇಲೆ ಕೊಲ್ಲುತ್ತದೆ.

ಇದನ್ನು ನಿಯಮಗಳನ್ನು ಬರೆದವರು ಅರಿಯದೆ ಇರಲಿಲ್ಲ. ೧೯೬೧ರ ಸೈನ್ಯದ ಪಿಂಚಣಿ ನಿಬಂಧನೆಗಳಲ್ಲಿ ೨೧೩ನೆಯದು ವಿಶೇಷ ಕುಟುಂಬ ಪಿಂಚಣಿಯ ವಿಚಾರ. ಸೇವೆಯಿಂದಾದ ರೋಗವು ಮರಣಕ್ಕೆ ಕಾರಣವಾಗಿದ್ದರೆ ಮಾತ್ರವೇ ಅಲ್ಲ, ಮರಣವನ್ನು ತ್ವರೆಗೊಳಿಸಿದ್ದರೂ ಸಾಕು ಎಂದು ಅದರಲ್ಲಿದೆ. ಈ ‘ತ್ವರೆಗೊಳಿಸು’ ಎಂಬ ಮಾತನ್ನು ವಾಚಕರು ಗಮನಿಸಬೇಕು. ಸಾಯತಕ್ಕ ಮನುಷ್ಯನು ಹತ್ತು ವರ್ಷ ಮುಂಚಿತವಾಗಿ ಸತ್ತರೆ ಆ ಹತ್ತು ವರ್ಷಗಳಿಗೆ ಸರ್ಕಾರವು ಜವಾಬ್ದಾರಿಯೆಂಬುದು ಅದರ ಅರ್ಥ. ಅಮೆರಿಕದ ಕಾನೂನಿನಲ್ಲಿಯೂ ಇದೇ ಬಗೆಯ ವಿಧಿಯುಂಟು. ಸೇವೆಯಿಂದಾದ ವ್ಯಾಧಿಯು ಮರಣಕ್ಕೆ ಮುಖ್ಯ ಕಾರಣವಾಗಿರದೆ ಗಣನೀಯವಾದ ಸಹಕಾರಿ ಕಾರಣವಾಗಿದ್ದರೂ ಕುಟುಂಬಕ್ಕೆ ಹಕ್ಕುಂಟು. ಅಲ್ಲಿಯವರು ೨೦೨೨ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇರಾಕ್ ಮೊದಲಾದ ದೇಶಗಳಲ್ಲಿ ಕಸ ಸುಡುವ ಗುಂಡಿಗಳ ಹೊಗೆಯನ್ನು ಕುಡಿದ ಸೈನಿಕರಿಗೆ ಕೆಲವು ರೋಗಗಳು ಬಂದರೆ ಅವು ಸೇವೆಯಿಂದಲೇ ಬಂದುವೆಂದು ಭಾವಿಸತಕ್ಕದ್ದೆಂದು ಶಾಸನ ಮಾಡಿದರು.

ನಮ್ಮ ೧೯೮೨ರ ಹಕ್ಕಿನ ನಿಯಮಗಳು ಇನ್ನೂ ಸ್ಪಷ್ಟವಾಗಿದ್ದುವು. ಸೈನ್ಯಕ್ಕೆ ಸೇರುವಾಗ ದಾಖಲೆಯಲ್ಲಿ ರೋಗವನ್ನು ಬರೆದುಕೊಂಡಿಲ್ಲದಿದ್ದರೆ ಅವನು ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು. ಹಕ್ಕನ್ನು ರುಜುವಾತುಪಡಿಸುವ ಭಾರವನ್ನು ಅರ್ಜಿದಾರರ ಮೇಲೆ ಹೊರಿಸಕೂಡದು. ಯುಕ್ತವಾದ ಸಂದೇಹವಿದ್ದಲ್ಲಿ ಅದರ ಲಾಭ ಅವರಿಗೇ ಸಲ್ಲಬೇಕು. ಬ್ರಿಟನ್ನಿನಲ್ಲಿ ಈ ತತ್ತ್ವವನ್ನು ಒಪ್ಪಿದುದು ೧೯೪೩ರಲ್ಲಿ, ಮಹಾಯುದ್ಧದ ನಡುವೆ, ಜನರ ಅಸಮಾಧಾನವು ಪಾರ್ಲಿಮೆಂಟಿಗೆ ಮುಟ್ಟಿದ ಮೇಲೆ. ನಮ್ಮ ನಿಯಮದ ಮಾತುಗಳಲ್ಲಿ ಅದರ ಛಾಯೆ ಕಾಣುತ್ತದೆ. ಛಾಯೆ ಎಲ್ಲಿಂದ ಬಂದರೇನು, ಮಾತು ಒಳ್ಳೆಯದು.

ಆದರೆ ಅದೇ ನಿಯಮಾವಳಿಯಲ್ಲಿ ಇನ್ನೊಂದು ವಿಧಿಯುಂಟು. ೨೦೦೮ರ ನಿಯಮಗಳಲ್ಲಿಯೂ ಅದು ಮುಂದುವರಿಯಿತು. ಅಂಗವೈಕಲ್ಯದ ಪಿಂಚಣಿಯನ್ನು ಪಡೆಯುತ್ತಿದ್ದ ಸೈನಿಕನು ಮನೆಯಲ್ಲಿ ಸತ್ತು, ಆ ವೈಕಲ್ಯದಿಂದಲೇ ಸತ್ತನೆಂದು ವೈದ್ಯಶಾಸ್ತ್ರದ ದೃಷ್ಟಿಯಿಂದ ಖಂಡಿತವಾಗಿ ಹೇಳಲಾಗದಿದ್ದರೆ, ಮರಣವು ನಿವೃತ್ತಿಯಿಂದ ೭ ವರ್ಷಗಳೊಳಗಾದಲ್ಲಿ ಸಂದೇಹದ ಲಾಭ ಕುಟುಂಬಕ್ಕೆ; ೭ ವರ್ಷ ಕಳೆದ ಮೇಲಾದಲ್ಲಿ ಸಂದೇಹದ ಲಾಭ ಸರ್ಕಾರಕ್ಕೆ. ಅಪರಾಧದ ಮೊಕದ್ದಮೆಗಳಲ್ಲಿ ಸಂದೇಹದ ಲಾಭ ದುರ್ಬಲನಾದ ಆಪಾದಿತನಿಗೆ ಸಲ್ಲುವುದನ್ನು ನಾವು ಬಲ್ಲೆವು. ಸಂದೇಹದಿಂದ ಸರ್ಕಾರವು ಲಾಭ ಹೊಂದುವುದೆಂಬ ಮಾತು ನಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸುತ್ತದೆ. ಏಳನೆಯ ವರ್ಷದ ಕಡೆಯ ದಿನ ಸತ್ತವನ ಹೃದಯಕ್ಕೂ ಮಾರನೆಯ ದಿನ ಸತ್ತವನ ಹೃದಯಕ್ಕೂ ಏನು ಭೇದ?

೨೦೦೮ರ ನಿಯಮಗಳು ಇದಕ್ಕೆ ಮತ್ತೊಂದು ಗಡುವನ್ನು ಸೇರಿಸಿದುವು. ನಿವೃತ್ತಿಯಾಗಿ ೧೫ ವರ್ಷ ಕಳೆದ ಮೇಲೆ ಹಕ್ಕು ಕೇಳಿದರೆ, ಅಷ್ಟರೊಳಗೆ ಸೇವಾದಾಖಲೆಗಳನ್ನು ಕ್ರಮದಂತೆ ನಾಶಮಾಡಿರುವುದರಿಂದ, ರುಜುವಾತಿನ ಭಾರ ಅರ್ಜಿದಾರರ ಮೇಲೆ ಬೀಳುತ್ತದೆ. ಇದರ ಅರ್ಥವನ್ನು ಬಿಡಿಸಿ ನೋಡೋಣ. ಸಿಪಾಯಿಗೆ ಯಾವ ಶಿಬಿರದಲ್ಲಿ ಎಷ್ಟು ದಿನ ಜ್ವರ ಬಂದಿತ್ತು, ಎತ್ತರದ ಠಾಣೆಯಲ್ಲಿ ಎಷ್ಟು ಚಳಿಗಾಲಗಳನ್ನು ಕಳೆದನು, ರಕ್ತದೊತ್ತಡ ಯಾವ ವರ್ಷ ಏರಿತು ಎಂಬುದೆಲ್ಲ ಇರುವುದು ಸರ್ಕಾರದ ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆಯನ್ನು ಸುಡುವವರು ಸರ್ಕಾರದವರು. ಸುಟ್ಟ ಮೇಲೆ ಅದರೊಳಗೇನಿತ್ತೆಂದು ಹೇಳಬೇಕಾದವಳು ಹೊಳಲ್ಕೆರೆ ತಾಲ್ಲೂಕಿನ ಒಬ್ಬ ವಿಧವೆ! ದಾಖಲೆಗಳನ್ನು ಶಾಶ್ವತವಾಗಿಡಲು ಸ್ಥಳವಿಲ್ಲವೆಂಬ ಉತ್ತರವು ಒಂದು ಕಾಲಕ್ಕೆ ಒಪ್ಪತಕ್ಕದ್ದಾಗಿತ್ತು. ಪಿಂಚಣಿಯ ಲೆಕ್ಕವನ್ನೆಲ್ಲ ‘ಸ್ಪರ್ಶ್’ ಎಂಬ ಗಣಕ ವ್ಯವಸ್ಥೆಗೆ ಒಪ್ಪಿಸಿರುವ ಈ ಕಾಲದಲ್ಲಿ ಅದನ್ನು ಒಪ್ಪಲು ನಮಗೆ ಸಾಧ್ಯವಿಲ್ಲ.

ಆಚರಣೆಯಲ್ಲಿ ಇದು ಯಾವ ರೂಪವನ್ನು ತಾಳುತ್ತದೆಂಬುದಕ್ಕೆ ನಾಯಕ್ ಇಂದ್ರಜೀತ್ ಸಿಂಗರ ಪ್ರಸಂಗವನ್ನು ನೋಡಬಹುದು. ಅವರು ನಮ್ಮ ಪ್ರಾಂತದವರಲ್ಲದಿದ್ದರೂ ಅವರ ಪತ್ನಿಯ ಕಥೆ ಎಲ್ಲ ಪ್ರಾಂತಗಳಿಗೂ ಸೇರಿದ್ದು. ೨೦೧೩ರ ಜನವರಿಯಲ್ಲಿ ಜಮ್ಮು ಕಾಶ್ಮೀರದ ನಿಯಂತ್ರಣ ರೇಖೆಯ ಬಳಿ, ಕಡುಚಳಿಯಲ್ಲಿ, ಗಸ್ತು ತಿರುಗುತ್ತಿದ್ದಾಗ ಅವರಿಗೆ ಉಸಿರು ಕಟ್ಟಿತು. ಹವೆ ಕೆಟ್ಟಿದ್ದುದರಿಂದ ಬೇಗ ಸಾಗಿಸಲಾಗಲಿಲ್ಲ; ಆಸ್ಪತ್ರೆಗೆ ತಂದಾಗ ಪ್ರಾಣ ಹೋಗಿತ್ತು. ಮೊದಲು ಇದನ್ನು ಯುದ್ಧಹಾನಿಯೆಂದು ಬರೆದುಕೊಂಡ ಅಧಿಕಾರಿಗಳು ಅನಂತರ ದೈಹಿಕ ಹಾನಿಯೆಂದು ತಿದ್ದಿದರು. ವಿಶೇಷ ಪಿಂಚಣಿ ಬಂದಿತು, ಉದಾರ ಪಿಂಚಣಿ ಬರಲಿಲ್ಲ. ಆಕೆ ಸಶಸ್ತ್ರ ಪಡೆಗಳ ನ್ಯಾಯಮಂಡಲಿಗೆ ಹೋದರು, ೨೦೧೯ರಲ್ಲಿ ಗೆದ್ದರು. ಕೇಂದ್ರ ಸರ್ಕಾರದವರು ಅಷ್ಟಕ್ಕೆ ಬಿಡದೆ ಸುಪ್ರೀಂ ಕೋರ್ಟಿಗೆ ಅಪೀಲು ಮಾಡಿದರು. ೨೦೨೪ರ ಡಿಸೆಂಬರ್ ೩ರಂದು ನ್ಯಾಯಮೂರ್ತಿ ಅಭಯ್ ಓಕಾ ಮತ್ತು ನ್ಯಾಯಮೂರ್ತಿ ಆಗಸ್ಟಿನ್ ಜಾರ್ಜ್ ಮಸೀಹ್ ಅವರ ಪೀಠವು ಆ ಅಪೀಲನ್ನು ವಜಾ ಮಾಡಿ, ಇಂಥ ಮೊಕದ್ದಮೆಗೆ ಆಕೆಯನ್ನು ಎಳೆದು ತರಬಾರದಾಗಿತ್ತೆಂದು ಹೇಳಿ, ಸರ್ಕಾರವು ಆಕೆಗೆ ೫೦,೦೦೦ ರೂಪಾಯಿ ಖರ್ಚು ಕೊಡಬೇಕೆಂದು ವಿಧಿಸಿತು. ಗಡಿಯ ಗಸ್ತಿನಲ್ಲಿ ಸತ್ತವನ ವಿಷಯದಲ್ಲಿಯೇ ಸುಮಾರು ೧೨ ವರ್ಷ ಹಿಡಿಯಿತೆಂದರೆ, ಮನೆಯ ಜಗಲಿಯ ಮೇಲೆ ಸತ್ತವನ ಪತ್ನಿಯ ಪಾಡೇನು?

ಬದುಕಿರುವ ಸೈನಿಕರ ಹಕ್ಕಿನ ವಿಷಯದಲ್ಲಿ ಸುಪ್ರೀಂ ಕೋರ್ಟು ೨೦೧೩ರಲ್ಲಿಯೇ ಧರಂವೀರ್ ಸಿಂಗರ ಮೊಕದ್ದಮೆಯಲ್ಲಿ ದಾರಿಯನ್ನು ತೋರಿಸಿತ್ತು. ೧೯೮೫ರಲ್ಲಿ ಸೇರಿ, ಒಂಬತ್ತು ವರ್ಷಗಳ ಸೇವೆಯಾದ ಮೇಲೆ ಮೂರ್ಛೆರೋಗದ ನಿಮಿತ್ತ ಹೊರಬಂದ ಅವರಿಗೆ ರೋಗವು ಹುಟ್ಟಿನಿಂದಲೇ ಇದ್ದಿರಬೇಕೆಂದು ಪಿಂಚಣಿ ನಿರಾಕರಿಸಲಾಗಿತ್ತು. ಸೇರುವಾಗ ನೀವೇ ಪರೀಕ್ಷಿಸಿ ಸರಿಯಾಗಿದ್ದಾನೆಂದು ತೆಗೆದುಕೊಂಡವನಲ್ಲವೆ. ಆಗ ಕಾಣದಿದ್ದ ರೋಗವು ಏಕೆ ಕಾಣಲಿಲ್ಲವೆಂಬುದಕ್ಕೆ ಕಾರಣವನ್ನು ಬರೆಯಬೇಕಾದವರು ನಿಮ್ಮ ವೈದ್ಯರೇ. ಕಾರಣವಿಲ್ಲದ ಅಭಿಪ್ರಾಯ ನಿಲ್ಲುವುದಿಲ್ಲ ಎಂಬುದು ತೀರ್ಪಿನ ಸಾರ. ೨೦೧೫ರ ರಾಜಬೀರ್ ಸಿಂಗರ ಮೊಕದ್ದಮೆಯಲ್ಲಿಯೂ, ಸಿಯಾಚಿನ್ನಿನಲ್ಲಿ ಸೇವೆ ಸಲ್ಲಿಸಿದ್ದ ಬಿಜೇಂದರ್ ಸಿಂಗರ ೨೦೨೫ರ ಮೊಕದ್ದಮೆಯಲ್ಲಿಯೂ ನ್ಯಾಯಾಲಯವು ಇದೇ ತತ್ತ್ವವನ್ನು ಎತ್ತಿಹಿಡಿಯಿತು. ಹನ್ನೆರಡು ವರ್ಷಗಳ ಅಂತರದಲ್ಲಿ ಒಂದೇ ಮಾತನ್ನು ಅತ್ಯುಚ್ಚ ನ್ಯಾಯಾಲಯವು ಮತ್ತೆ ಮತ್ತೆ ಹೇಳಬೇಕಾಗಿ ಬಂದುದು ಕಚೇರಿಗಳಿಗೆ ಭೂಷಣವಲ್ಲ. ಬದುಕಿರುವಾಗ ಗಂಡನಿಗೆ ‘ಸೇವೆಯಿಂದ ಉಂಟಾದುದಲ್ಲ’ ಎಂದು ಬರೆದುಬಿಟ್ಟರೆ, ಅವನು ಸತ್ತಾಗ ಹೆಂಡತಿಯ ಅರ್ಜಿಯೂ ಆ ಒಂದು ಸಾಲಿನಿಂದಲೇ ಬೀಳುತ್ತದೆ. ಏಳು ವರ್ಷದ ವಿಧಿಯ ಆಸರೆ ಸಹ ಅಂಗವೈಕಲ್ಯದ ಪಿಂಚಣಿ ಬರುತ್ತಿದ್ದವನ ಮನೆಗೆ ಮಾತ್ರ.

ಹೃದ್ರೋಗದ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ವೈದ್ಯಾಧಿಕಾರಿಗಳ ಮಾರ್ಗದರ್ಶಿಕೆಯಂತೆ, ಹೃದಯಾಘಾತವಾದವನು ಅದಕ್ಕೆ ಮುಂಚಿನ ೧೪ ದಿನಗಳಲ್ಲಿ ಯಾವ ಕರ್ತವ್ಯದಲ್ಲಿದ್ದನೆಂಬುದನ್ನು ಪರಿಶೀಲಿಸಬೇಕು. ಆ ಹದಿನಾಲ್ಕು ದಿನ ಕಷ್ಟದ ಕೆಲಸವಿದ್ದರೆ ಸೇವೆಯೇ ಕಾರಣವಿರಬಹುದು, ಕಚೇರಿಯಲ್ಲಿದ್ದರೆ ಅನುಮಾನ. ಅದಕ್ಕೆ ಹಿಂದಿನ ಹದಿನಾಲ್ಕು ವರ್ಷಗಳ ಮಾತೇನು? ೨೦೧೬ರ ಫೆಬ್ರವರಿ ೩ರಂದು ಸಿಯಾಚಿನ್ನಿನಲ್ಲಿ ೧೯,೦೦೦ ಅಡಿಗೂ ಮೇಲಿನ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದುದನ್ನೂ, ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರು ಆರು ದಿನಗಳ ಮೇಲೆ ಜೀವಸಹಿತ ಸಿಕ್ಕಿ ೧೧ರಂದು ದೆಹಲಿಯಲ್ಲಿ ತೀರಿಕೊಂಡುದನ್ನೂ ಕನ್ನಡಿಗರು ಮರೆತಿಲ್ಲ. ಅವರ ಮರಣಕ್ಕೆ ಸೇವೆಯೇ ಕಾರಣವೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ಆದರೆ ಅದೇ ಹಿಮದ ಮೇಲೆ, ಅದೇ ತೆಳುವಾದ ಗಾಳಿಯನ್ನು ಉಸಿರಾಡಿ, ಕುಸಿತಕ್ಕೆ ಸಿಕ್ಕದೆ ಕೆಳಗಿಳಿದು ಬಂದವರೂ ಇದ್ದಾರೆ. ಅಂಥವನೊಬ್ಬನು ನಿವೃತ್ತನಾಗಿ ಎಂಟನೆಯ ವರ್ಷದಲ್ಲಿ ಹಿರಿಯೂರಿನ ಬಸ್ಸು ನಿಲ್ದಾಣದಲ್ಲಿ ಕುಸಿದುಬಿದ್ದರೆ, ಆ ಹಿಮಕ್ಕೂ ಈ ಬೀಳುವಿಕೆಗೂ ನಡುವೆ ಇರುವ ದಾರವನ್ನು ಹಿಡಿದು ತೋರಿಸುವವರು ಯಾರು?

ಪ್ರತಿಪಕ್ಷದ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ಸೈನಿಕನೂ ಮನುಷ್ಯನೇ, ಹೊಗೆಸೊಪ್ಪು, ಮದ್ಯ, ವಂಶಪಾರಂಪರ್ಯದ ಸಕ್ಕರೆ ಕಾಯಿಲೆ ಅವನನ್ನೂ ಬಿಡವು. ಸತ್ತ ಪ್ರತಿಯೊಬ್ಬನೂ ಸೇವೆಯಿಂದ ಸತ್ತನೆಂದರೆ ನಿಜವಾಗಿ ಹಾಗೆ ಸತ್ತವನ ಮರ್ಯಾದೆಯೇ ತಗ್ಗುತ್ತದೆ. ೧೯೪೭ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಡೆನ್ನಿಂಗರ ಮುಂದೆ ಇಂಥದೇ ಒಂದು ಅಪೀಲು ಬಂದಿತ್ತು. ಯುದ್ಧಸೇವೆಯಲ್ಲಿದ್ದ ಅಧಿಕಾರಿಯೊಬ್ಬನು ಅನ್ನನಾಳದ ಕ್ಯಾನ್ಸರಿನಿಂದ ಸತ್ತಿದ್ದನು. ಪಿಂಚಣಿ ಕೇಳಿದವಳು ಆತನ ವಿಧವೆ. ಸಂದೇಹವೆಂದರೆ ಬರಿಯ ಕಲ್ಪನೆಯಲ್ಲ, ಅದಕ್ಕೆ ಆಧಾರ ಬೇಕೆಂದು ಹೇಳಿ ಅವರು ಆಕೆಯ ಅಪೀಲನ್ನು ತಳ್ಳಿಹಾಕಿದರು. ಇಂದಿಗೂ ರುಜುವಾತಿನ ಪ್ರಶ್ನೆ ಎದ್ದಲ್ಲೆಲ್ಲ ವಕೀಲರು ಆ ತೀರ್ಪನ್ನು ಉದ್ಧರಿಸುತ್ತಾರೆ. ತೀರ್ಪು ಕಠಿಣವಾದರೂ ಅದರಲ್ಲಿ ಒಂದು ಗುಣವುಂಟು: ಎರಡು ಕಡೆಯ ಸಾಕ್ಷ್ಯವನ್ನೂ ತೂಗಿ, ಕಾರಣವನ್ನು ಬರೆದು, ಇಲ್ಲವೆಂದರು. ನಮ್ಮ ದೂರು ಇಲ್ಲವೆಂದುದರ ಮೇಲಲ್ಲ, ಕಾರಣ ಬರೆಯದೆ ಇಲ್ಲವೆನ್ನುವುದರ ಮೇಲೆ. ೨೦೨೩ರ ಸೆಪ್ಟೆಂಬರ್ ೨೧ರಿಂದ ಜಾರಿಗೆ ಬಂದ ಹೊಸ ನಿಯಮಗಳು ಸೇವಾವಧಿಯನ್ನು ಮುಗಿಸಿ ಬಂದವರ ಅಂಗವೈಕಲ್ಯದ ಭಾಗಕ್ಕೆ ‘ನ್ಯೂನತಾ ಪರಿಹಾರ’ವೆಂಬ ಹೊಸ ಹೆಸರನ್ನು ಕೊಟ್ಟಿವೆ. ಹೆಸರು ಬದಲಾದುದರಿಂದ ವೈದ್ಯಮಂಡಲಿಯ ವಾಕ್ಯ ಉದ್ದವಾದರೆ ನಮಗೆ ಸಂತೋಷವೇ.

ಇನ್ನು ನಮ್ಮ ಜಿಲ್ಲೆಯ ಮಾತು. ಕೊಡಗಿನಲ್ಲಿಯೂ ಬೆಳಗಾವಿಯ ಕಡೆಯಲ್ಲಿಯೂ ಊರಿಗೆ ಹತ್ತಾರು ಮಂದಿ ಮಾಜಿ ಸೈನಿಕರಿದ್ದಾರೆ. ಸುಬೇದಾರ ಮಾವನೊಬ್ಬನು ಪಕ್ಕದ ಮನೆಯಲ್ಲಿಯೇ ಕುಳಿತು ಯಾವ ಅರ್ಜಿಯನ್ನು ಯಾರಿಗೆ ಬರೆಯಬೇಕೆಂದು ಹೇಳಿಕೊಡುತ್ತಾನೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಹಾಗಿಲ್ಲ. ಕಾವಲುಗಾರನ ಹೆಂಡತಿ ಓಬವ್ವನನ್ನು ಮನೆಮಾತಾಗಿ ಮಾಡಿಕೊಂಡಿರುವ ಈ ಸೀಮೆಯಲ್ಲಿ ಸೈನ್ಯದ ಪೇಟಿಕೆಯುಳ್ಳ ಮನೆಗಳು ಚದರಿಹೋಗಿವೆ. ಒಂದು ಹಳ್ಳಿಗೆ ಒಂದು, ನಾಲ್ಕು ಹಳ್ಳಿಗೆ ಒಂದು. ಮಳೆ ಕಡಮೆಯಾದ ನೆಲದಿಂದ ಹುಡುಗರು ಸಂಬಳಕ್ಕೆಂದು ಹೋಗುತ್ತಾರೆ. ಗಂಡನ ರೆಕಾರ್ಡ್ ಆಫೀಸು ಬೆಂಗಳೂರಿನಲ್ಲಿಯೋ ವೆಲಿಂಗ್ಟನ್ನಿನಲ್ಲಿಯೋ ಬೆಳಗಾವಿಯಲ್ಲಿಯೋ ಎಂಬುದು ಹೆಂಡತಿಗೆ ತಿಳಿಯುವುದು ಅವನು ಸತ್ತ ಮೇಲೆ. ಪಿಂಚಣಿಯ ಲೆಕ್ಕ ಪ್ರಯಾಗರಾಜದಲ್ಲಿ; ನ್ಯಾಯಮಂಡಲಿಯಲ್ಲಿ ಕರ್ನಾಟಕದ ಮೊಕದ್ದಮೆಗಳು ಕೊಚ್ಚಿಯ ಪೀಠಕ್ಕೆ ಸೇರಿದುವು. ತಾಲ್ಲೂಕು ಕಚೇರಿಯನ್ನು ದಾಟಿ ಹೋಗದವಳು ಮೂರು ರಾಜ್ಯಗಳನ್ನು ಸುತ್ತಬೇಕು.

ಇಲ್ಲಿ ನಮ್ಮ ಕೈಯಲ್ಲಿಯೇ ಇರುವ ಒಂದು ವಿಷಯವನ್ನು ಅಧಿಕಾರಿವರ್ಗದವರ ಗಮನಕ್ಕೆ ತರುತ್ತೇವೆ. ಜನನ ಮರಣ ನೋಂದಣಿ ಕಾನೂನಿನಂತೆ ಕೊಡುವ ಮರಣಪತ್ರದಲ್ಲಿ ಮರಣದ ಕಾರಣವನ್ನು ತೋರಿಸುವುದಿಲ್ಲ. ೧೯೬೯ರ ಕಾನೂನಿನ ೧೭ನೆಯ ವಿಧಿಯೇ ಅದನ್ನು ತಡೆದಿದೆ. ಬಹು ಮಂದಿಗೆ ಇದು ತಿಳಿಯದು. ಮರಣಪತ್ರವೊಂದಿದ್ದರೆ ಎಲ್ಲವೂ ಆಯಿತೆಂದು ನಂಬಿ ವರ್ಷಗಟ್ಟಲೆ ಕೂರುತ್ತಾರೆ. ಕಾರಣವಿರುವುದು ಕಡೆಯ 
ಕಾಯಿಲೆಯಲ್ಲಿ ನೋಡಿದ ವೈದ್ಯರು ಬರೆಯುವ ಬೇರೊಂದು ಪ್ರಮಾಣಪತ್ರದಲ್ಲಿ. ಹಳ್ಳಿಯಲ್ಲಿ ಮನೆಯಲ್ಲಿಯೇ ಸತ್ತವನಿಗೆ ಅದನ್ನು ಬರೆಯಿಸುವವರೇ ಇಲ್ಲ. ಬರೆದರೂ ‘ಹೃದಯ ನಿಂತಿತು’ ಎಂದಷ್ಟೇ. ಯಾರ ಹೃದಯ ತಾನೆ ನಿಲ್ಲದೆ ಸತ್ತಿದ್ದಾರೆ? ರಕ್ತದೊತ್ತಡ ಎಷ್ಟು ವರ್ಷದಿಂದಿತ್ತು, ಸೈನ್ಯದಿಂದ ಬಂದಾಗಲೇ ಇತ್ತೆ, ಯಾವ ಔಷಧ ನಡೆಯುತ್ತಿತ್ತು ಎಂಬ ಎರಡು ಸಾಲನ್ನು ತಾಲ್ಲೂಕು ಆಸ್ಪತ್ರೆಯ ವೈದ್ಯರು ಸೇರಿಸಿದರೆ ಮುಂದೆ ಆ ಎರಡು ಸಾಲು ಒಂದು ಮನೆಯನ್ನು ಉಳಿಸಬಹುದು. ಮಾಜಿ ಸೈನಿಕನೆಂದು ಹೇಳುವ ಜವಾಬ್ದಾರಿ ಮನೆಯವರದು. ಕೇಳಿ ಬರೆಯುವ ಜವಾಬ್ದಾರಿ ವೈದ್ಯರದು. ಹಾಗೆಯೇ ನಿವೃತ್ತಿಯ ಕಾಲದ ವೈದ್ಯಮಂಡಲಿಯ ವರದಿಯ ಪ್ರತಿಯನ್ನು ಡಿಸ್‌ಚಾರ್ಜ್ ಪುಸ್ತಕದೊಡನೆ ಮನೆಯ ಪೆಟ್ಟಿಗೆಯಲ್ಲಿಡಬೇಕೆಂದು ಬದುಕಿರುವವರಿಗೆ ನಮ್ಮ ಸಲಹೆ. ಸರ್ಕಾರದ ಪೆಟ್ಟಿಗೆಗೆ ಹದಿನೈದು ವರ್ಷದ ಆಯುಸ್ಸು. ಮನೆಯ ಪೆಟ್ಟಿಗೆಗೆ ಆ ಮಿತಿಯಿಲ್ಲ.

ವಕೀಲರ ಖರ್ಚಿಗೆ ಹೆದರಬೇಕಾದುದಿಲ್ಲ. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರ ಶಾಸನದ ೧೨ನೆಯ ವಿಧಿಯಂತೆ ಸ್ತ್ರೀಯರಿಗೆ, ಅವರ ಆದಾಯವೆಷ್ಟೇ ಇರಲಿ, ಉಚಿತ ಕಾನೂನು ನೆರವು ದೊರೆಯತಕ್ಕದ್ದು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ೨೦೨೫ರ ಜುಲೈ ೨೬ರಂದು ಶ್ರೀನಗರದಲ್ಲಿ ಆರಂಭಿಸಿದ ‘ವೀರ ಪರಿವಾರ ಸಹಾಯತಾ’ ಯೋಜನೆಯು ಸೈನಿಕ ಮಂಡಲಿಗಳಲ್ಲಿ ಇದಕ್ಕಾಗಿಯೇ ನೆರವಿನ ಕೇಂದ್ರಗಳನ್ನು ತೆರೆಯಲು ಉದ್ದೇಶಿಸಿದ್ದು. ಅಂಥ ಕೇಂದ್ರದ ಒಬ್ಬ ವಕೀಲರು ತಿಂಗಳಿಗೊಂದು ದಿನ ಹೊಸದುರ್ಗದಲ್ಲಿಯೂ, ಒಂದು ದಿನ ಹೊಳಲ್ಕೆರೆಯಲ್ಲಿಯೂ, ಒಂದು ದಿನ ಹಿರಿಯೂರಿನಲ್ಲಿಯೂ ತಾಲ್ಲೂಕು ಕಚೇರಿಯಲ್ಲಿ ಕುಳಿತುಕೊಳ್ಳುವಂತೆ ಜಿಲ್ಲಾಧಿಕಾರಿಗಳು ಏರ್ಪಡಿಸುವುದು ದುಸ್ಸಾಧ್ಯವೆಂದು ನಮಗೆ ತೋರುವುದಿಲ್ಲ.

ತಡವಾಯಿತೆಂದು ಅರ್ಜಿಯನ್ನೇ ಕೈಬಿಟ್ಟವರಿಗೆ ಒಂದು ಮಾತು. ಪಿಂಚಣಿಯ ನಿರಾಕರಣೆಯು ತಿಂಗಳು ತಿಂಗಳೂ ಹೊಸದಾಗಿ ನಡೆಯುವ ಅನ್ಯಾಯವೆಂದೂ, ಆದುದರಿಂದ ವಿಳಂಬವೊಂದರಿಂದಲೇ ಹಕ್ಕು ನಾಶವಾಗದೆಂದೂ ಸುಪ್ರೀಂ ಕೋರ್ಟು ೨೦೦೮ರಲ್ಲಿ ತರ್ಸೇಮ್ ಸಿಂಗರ ಮೊಕದ್ದಮೆಯಲ್ಲಿ ಒಪ್ಪಿತು. ಅವರು ೧೯೮೩ರಲ್ಲಿ ರೋಗದ ನಿಮಿತ್ತ ಸೈನ್ಯದಿಂದ ಹೊರಬಂದು, ೧೯೯೯ರಲ್ಲಿ ಹೈಕೋರ್ಟಿಗೆ ಹೋದವರು. ಪಿಂಚಣಿಯೇನೋ ಉಳಿಯಿತು. ಆದರೆ ಹಿಂದಿನ ಬಾಕಿಯನ್ನು ಅರ್ಜಿ ಹಾಕುವುದಕ್ಕೆ ಮುಂಚಿನ ಮೂರು ವರ್ಷಗಳಿಗೆ ಮಾತ್ರ ಕೊಡತಕ್ಕದ್ದೆಂದು ತೀರ್ಪಾಯಿತು. ಉಳಿದ ಹದಿಮೂರು ವರ್ಷಗಳ ಹಣ ಖಜಾನೆಯಲ್ಲಿಯೇ ನಿಂತಿತು.